ಮಳಖೇಡಕ್ಕೆ ಒಂದು ಪೋಸ್ಟ್‌ಕಾರ್ಡ್ ಬೇಕು

ಹಂಪಿ ಅಂದ ಕೂಡಲೇ ನಿಮಗೆ ಏನು ಕಾಣುತ್ತೆ? ಕಲ್ಲಿನ ರಥ. ಹಂಪಿಗೆ ಒಮ್ಮೆಯೂ ಹೋಗದವರಿಗೂ ಅದು ಕಾಣುತ್ತೆ, ಯಾಕಂದ್ರೆ 50 ರೂಪಾಯಿ ನೋಟಿನ ಹಿಂದೆ ಅದೇ ಇದೆ. ವಿಜಯಪುರ ಅಂದ್ರೆ ಗೋಳಗುಮ್ಮಟ. ಶ್ರವಣಬೆಳಗೊಳ ಅಂದ್ರೆ ಗೊಮ್ಮಟ. ಸರಿ, ಈಗ ಮಳಖೇಡ ಅನ್ನಿ. ಕಣ್ಣು ಮುಚ್ಚಿ ಯೋಚಿಸಿ. ಏನಾದರೂ ಬಂತಾ?

ನಮ್ಮ ಕ್ಲಾಸಿನಲ್ಲಿ ಈ ಪ್ರಶ್ನೆ ಕೇಳಿ ನೋಡಿದೆ. ಇಬ್ಬರು "ಸಿಮೆಂಟ್ ಫ್ಯಾಕ್ಟರಿ" ಅಂದರು. ಒಬ್ಬ "ರಾಷ್ಟ್ರಕೂಟರ ರಾಜಧಾನಿ, ಒಂದು ಮಾರ್ಕ್" ಅಂದ. ಮಿಕ್ಕವರಿಗೆ ಏನೂ ಬರಲಿಲ್ಲ. ನಮ್ಮಂಥ ಇಂಗ್ಲಿಷ್ ಮೀಡಿಯಂನವರ ಪಾಠಪುಸ್ತಕದಲ್ಲಿ ಅದು ಮಾನ್ಯಖೇಟ, ಬಸ್ಸಿನ ಬೋರ್ಡಿನಲ್ಲಿ ಮಳಖೇಡ. ಎರಡೂ ಒಂದೇ ಊರು ಅಂತ ಎಷ್ಟೋ ಜನಕ್ಕೆ ಹೊಳೆಯೋದೇ ಇಲ್ಲ. ಸೇಡಂ ತಾಲ್ಲೂಕಿನ ಈ ಊರಿನ ಬಗ್ಗೆ ನಮಗೆ ಮಾಹಿತಿ ಇದೆ, ಆದರೆ ಚಿತ್ರ ಇಲ್ಲ. ಚಿತ್ರ ಇಲ್ಲದ ಊರನ್ನು ಯಾರೂ ಕಾಪಾಡೋದಿಲ್ಲ ಅನ್ನೋದು ನನ್ನ ಅಭಿಪ್ರಾಯ. ಅದಕ್ಕೇ ನಮ್ಮ ಕನ್ನಡ ಸಂಘ ಮಳಖೇಡ ಮತ್ತು ಸೇಡಮ್ಮಿನ ಪೋಸ್ಟ್‌ಕಾರ್ಡುಗಳನ್ನು ಮಾಡಬೇಕು ಅಂತ ಈ ಲೇಖನ ಬರೀತಿದ್ದೀನಿ.

ಪೋಸ್ಟ್‌ಕಾರ್ಡಾ, ಈ ಕಾಲದಲ್ಲಾ, ಅಂತ ನಗಬೇಡಿ. ಪೋಸ್ಟ್‌ಕ್ರಾಸಿಂಗ್ ಅಂತ ಒಂದು ಜಾಲತಾಣ ಇದೆ. 2005ರಲ್ಲಿ ಪೋರ್ಚುಗಲ್ಲಿನ ಒಬ್ಬ ವಿದ್ಯಾರ್ಥಿ ಶುರು ಮಾಡಿದ್ದು. ನೀವು ಗುರುತೇ ಇಲ್ಲದ ಯಾರಿಗೋ ಒಂದು ಕಾರ್ಡ್ ಕಳಿಸ್ತೀರಿ, ಬೇರೆ ಯಾವುದೋ ದೇಶದಿಂದ ನಿಮಗೊಂದು ಬರುತ್ತೆ. ನಮ್ಮ ಹಾಸ್ಟೆಲಿನಲ್ಲಿ ಮೂರ್ನಾಲ್ಕು ಜನಕ್ಕೆ ಈ ಹುಚ್ಚು ಹಿಡಿದಿದೆ. ನಮ್ಮಲ್ಲೊಬ್ಬಳಿಗೆ ಜರ್ಮನಿಯಿಂದ ರೋಥೆನ್‌ಬುರ್ಗ್ ಎಂಬ ಹಳೇ ಕೋಟೆ ಊರಿನ ಕಾರ್ಡ್ ಬಂತು. ಕೆಂಪು ಹೆಂಚಿನ ಮನೆ, ಗೋಪುರ, ಸುತ್ತ ಗೋಡೆ. ಕಳಿಸಿದವರು ಒಂದು ದಿನದ ಪ್ರವಾಸಕ್ಕೆ ಅಲ್ಲಿಗೆ ಹೋಗಿ ಎಂಟು ಹತ್ತು ಕಾರ್ಡ್ ಕೊಂಡಿದ್ದರಂತೆ. ಕೆಳಗೆ ಒಂದು ಸಾಲು: ನಿಮ್ಮ ಹತ್ತಿರದ ಹಳೇ ಊರಿನದು ಒಂದು ಕಳಿಸಿ.

ಸಾಮಾನ್ಯವಾಗಿ ನಾವೆಲ್ಲ ಇಂಥ ಹೊತ್ತಲ್ಲಿ ಆನ್‌ಲೈನ್‌ನಲ್ಲಿ ಸಿಗೋ ತಾಜಮಹಲ್ ಕಾರ್ಡು ಕಳಿಸಿ ಕೈತೊಳೆದುಕೊಳ್ತೀವಿ. ಈ ಸಲ ಒಂದು ಭಾನುವಾರ ಹೋಗಿ ಕೋಟೆ ನೋಡಿಬರೋಣ, ಕಾರ್ಡ್ ಸಿಕ್ಕಿದರೆ ತರೋಣ ಅಂತ ನಾಲ್ಕು ಜನ ಹೊರಟೆವು. ಕಲಬುರಗಿಯಿಂದ ಸೇಡಂ ಬಸ್ಸು ಹತ್ತಿದರೆ ಸುಮಾರು 40 ಕಿಲೋಮೀಟರಿಗೆ ಮಳಖೇಡ. ಇಳಿದರೆ ಕಾಗಿಣಾ ನದಿ, ನದಿ ದಂಡೆಯಲ್ಲಿ ಕೋಟೆ. ಕೋಟೆ ಒಳಗೆ ಮನೆಗಳು, ಒಣಗಲು ಹಾಕಿದ ಬಟ್ಟೆ, ಆಡುಗಳು, ಆಟ ಆಡೋ ಮಕ್ಕಳು.

ಕಾರ್ಡಿನ ಬೇಟೆ ಹೇಗಿತ್ತು ಅಂದ್ರೆ, ಕಿರಾಣಿ ಅಂಗಡಿ, ಜೆರಾಕ್ಸ್ ಅಂಗಡಿ, ಆಮೇಲೆ ಸೇಡಮ್ಮಿಗೆ ಹೋಗಿ ಬಸ್ ಸ್ಟ್ಯಾಂಡಿನ ಆಸುಪಾಸಿನ ಬುಕ್ ಸ್ಟಾಲುಗಳು, ಫೋಟೋ ಸ್ಟುಡಿಯೋ, ಎಲ್ಲ ಕಡೆ ಕೇಳಿದ್ವಿ. ಒಬ್ಬ ಅಂಗಡಿಯವರು ನಮ್ಮನ್ನು ವಿಚಿತ್ರವಾಗಿ ನೋಡಿ, "ಪೋಸ್ಟ್ ಕಾರ್ಡ್ ಇಲ್ಲ್ಯಾಕ ಸಿಗ್ತದ್ರಿ? ಪೋಸ್ಟಿನ್ಯಾಗ ಸಿಗ್ತದ" ಅಂದರು. ಅವರು ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮ ಕಡೆ ಪೋಸ್ಟ್‌ಕಾರ್ಡ್ ಅಂದ್ರೆ 50 ಪೈಸೆಯ ಹಳದಿ ಕಾರ್ಡು. ಅದರಲ್ಲಿ ಊರಿನ ಚಿತ್ರ ಇರಬಹುದು ಅನ್ನೋ ಕಲ್ಪನೆಯೇ ಇಲ್ಲಿ ಇಲ್ಲ.

ಹಾಗಂತ ಊರನ್ನು ಚಿತ್ರವಾಗಿ ಮನೆಗೆ ಒಯ್ಯೋದು ನಮಗೆ ಗೊತ್ತಿಲ್ಲ ಅಂತಲ್ಲ. ಗಾಣಗಾಪುರಕ್ಕೆ ಹೋದವರು ದತ್ತಾತ್ರೇಯನ ಫೋಟೋ ತರ್ತಾರೆ. ಕಲಬುರಗಿಯ ಎಷ್ಟು ಮನೆಗಳಲ್ಲಿ ಶರಣಬಸವೇಶ್ವರರ ಫೋಟೋ ಇಲ್ಲ ಹೇಳಿ? ಮಳಖೇಡದಲ್ಲೇ ಜಯತೀರ್ಥರ ವೃಂದಾವನ ಇದೆ. ಟೀಕಾರಾಯರು ಅಂತ ಕರೆಯುವ ಅವರ ಚಿತ್ರ ಬೆಂಗಳೂರು, ಮೈಸೂರಿನ ಮನೆಗಳ ದೇವರ ಕೋಣೆಯಲ್ಲೂ ಇರುತ್ತೆ. ಆ ಚಿತ್ರದ ಮೂಲಕ ಆ ಮನೆಯವರಿಗೆ ಮಳಖೇಡ ಗೊತ್ತು, ವರ್ಷಕ್ಕೊಮ್ಮೆ ಆರಾಧನೆಗೆ ಬರ್ತಾರೆ, ದುಡ್ಡು ಕೊಡ್ತಾರೆ. ಅಂದರೆ ಯಾವುದರ ಚಿತ್ರ ಮನೆಮನೆಗೆ ಹೋಯಿತೋ ಅದಕ್ಕೆ ಜನ ಸಿಕ್ಕರು. ಪಕ್ಕದಲ್ಲೇ ಇರುವ ಕೋಟೆಯ ಚಿತ್ರ ಯಾವ ಗೋಡೆಗೂ ಹೋಗಲಿಲ್ಲ, ಅದಕ್ಕೆ ಯಾರೂ ಸಿಗಲಿಲ್ಲ.

ಚಿತ್ರಕ್ಕೆ ಇಷ್ಟು ಶಕ್ತಿ ಇದೆಯಾ ಅಂತ ನಿಮಗೆ ಅನುಮಾನ ಇದ್ದರೆ, ಮತ್ತೆ ಆ ರೋಥೆನ್‌ಬುರ್ಗ್ ಊರಿಗೇ ಹೋಗೋಣ. 1945ರ ಮಾರ್ಚ್ 31ರಂದು ಅಮೆರಿಕದ ವಿಮಾನಗಳು ಅದರ ಮೇಲೆ ಬಾಂಬ್ ಹಾಕಿದವು. ಊರಿನ ಒಂದು ದೊಡ್ಡ ಭಾಗ, ಕೋಟೆ ಗೋಡೆಯ ನೂರಾರು ಮೀಟರ್ ಉರುಳಿತು. ನೆಲದ ಸೈನ್ಯ ಊರ ಬಾಗಿಲಿಗೆ ಬಂದಾಗ ಉಳಿದದ್ದನ್ನೂ ಫಿರಂಗಿ ಇಟ್ಟು ಪುಡಿ ಮಾಡಬಹುದಿತ್ತು. ಆಗ ಅಮೆರಿಕದ ಯುದ್ಧ ಇಲಾಖೆಯ ಸಹಾಯಕ ಕಾರ್ಯದರ್ಶಿಯಾಗಿದ್ದ ಜಾನ್ ಮೆಕ್‌ಲಾಯ್ ಫಿರಂಗಿ ಬಳಸಬೇಡಿ ಅಂದರು, ಮಾತುಕತೆ ನಡೆದು ಊರು ಶರಣಾಯಿತು. ಮೆಕ್‌ಲಾಯ್‌ಗೆ ಈ ಸಣ್ಣ ಊರು ಹೇಗೆ ಗೊತ್ತು ಅನ್ನೋದಕ್ಕೆ ಅಲ್ಲಿ ಹೇಳುವ ಕಥೆ ಇದು: ಅವರ ತಾಯಿ ಯುವತಿಯಾಗಿದ್ದಾಗ ಅಲ್ಲಿಗೆ ಹೋಗಿ ಊರಿನ ಒಂದು ಚಿತ್ರ ತಂದು ಮನೆಯಲ್ಲಿ ಇಟ್ಟಿದ್ದರು. ಯುದ್ಧ ಮುಗಿದ ಮೇಲೆ ಗೋಡೆಯನ್ನು ಮತ್ತೆ ಕಟ್ಟಲು ಬೇರೆ ಬೇರೆ ದೇಶದ ಜನ ಹಣ ಕೊಟ್ಟರು. ಇವತ್ತೂ ಆ ಗೋಡೆಯ ಉದ್ದಕ್ಕೂ ದಾನಿಗಳ ಹೆಸರಿನ ಕಲ್ಲುಗಳಿವೆ. ಅವರಲ್ಲಿ ಯಾರೂ ಆ ಊರಿನ ಇತಿಹಾಸದ ಪರೀಕ್ಷೆ ಬರೆದವರಲ್ಲ. ಊರು ಹೇಗೆ ಕಾಣುತ್ತೆ ಅಂತ ಅವರಿಗೆ ಗೊತ್ತಿತ್ತು, ಅಷ್ಟೇ.

ಮಳಖೇಡವೂ ಒಂದು ಸಲ ಸುಟ್ಟಿದೆ. 972ರಲ್ಲಿ ಮಾಳವದ ಪರಮಾರ ಸೀಯಕ ಬಂದು ಲೂಟಿ ಮಾಡಿದ. ಅದಕ್ಕೂ ಮೊದಲು, 9ನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗ ಇಲ್ಲಿಂದ ಆಳುತ್ತಿದ್ದ ಕಾಲದಲ್ಲಿ, ಅರಬ್ ವ್ಯಾಪಾರಿ ಸುಲೈಮಾನನ ಹೆಸರಿನ 851ರ ಬರಹ ರಾಷ್ಟ್ರಕೂಟ ರಾಜನನ್ನು ಲೋಕದ ನಾಲ್ಕು ದೊಡ್ಡ ದೊರೆಗಳಲ್ಲಿ ಒಬ್ಬ ಅಂತ ಎಣಿಸಿತ್ತು. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಕೃತಿ ಕವಿರಾಜಮಾರ್ಗ ಸುಮಾರು 850ರಲ್ಲಿ ಇದೇ ಆಸ್ಥಾನದಲ್ಲಿ ಹುಟ್ಟಿತು. ನಮ್ಮಂಥ ಎಂಜಿನಿಯರಿಂಗ್‌ನವರಿಗೆ ಇನ್ನೂ ಹತ್ತಿರದ ವಿಷಯ ಹೇಳ್ತೀನಿ: ಗಣಿತಸಾರಸಂಗ್ರಹ ಬರೆದ ಮಹಾವೀರಾಚಾರ್ಯ ತನ್ನ ಪುಸ್ತಕದ ಆರಂಭದಲ್ಲಿ ಹೊಗಳೋದು ಇದೇ ಅಮೋಘವರ್ಷನನ್ನು. ಪಿಯುಸಿಯಲ್ಲಿ ನಾವು ಬಾಯಿಪಾಠ ಮಾಡಿದ ಎನ್‌ಸಿಆರ್ ಸೂತ್ರವನ್ನು ಸಾಮಾನ್ಯ ನಿಯಮವಾಗಿ ಕೊಟ್ಟ ಪುಸ್ತಕ ಅದು. ಎಲ್ಲೋರಾದ ಕೈಲಾಸ ದೇವಾಲಯ ಕೊರೆಸಿದ್ದೂ ಇದೇ ವಂಶದ ಒಂದನೇ ಕೃಷ್ಣ. ಎಲ್ಲೋರಾದ ಕಾರ್ಡು ದೇಶದ ಎಲ್ಲ ಕಡೆ ಸಿಗುತ್ತೆ. ಅದೇ ವಂಶದ ರಾಜಧಾನಿಯದ್ದು ರಾಜಧಾನಿಯಲ್ಲೇ ಸಿಗೋದಿಲ್ಲ.

ಈಗ ನಿಮ್ಮ ತಲೆಯಲ್ಲಿ ಓಡ್ತಿರುವ ಮೊದಲ ಆಕ್ಷೇಪ ನನಗೆ ಗೊತ್ತು. ಎಲ್ಲರ ಕೈಲೂ ಫೋನ್ ಇದೆ, ಗೂಗಲ್ ಮಾಡಿದರೆ ಮಳಖೇಡದ ಫೋಟೋ ಬರುತ್ತೆ, ಕಾಗದ ಯಾಕೆ?

ನಾವು ನಾಲ್ಕು ಜನ ಆ ದಿನ ಒಟ್ಟು 600ಕ್ಕೂ ಹೆಚ್ಚು ಫೋಟೋ ತೆಗೆದೆವು. ವಾಪಸ್ ಬಸ್ಸಿನಲ್ಲಿ ಕೂತು ಎಣಿಸಿದರೆ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಕೋಟೆಯ ಮುಂದೆ ನಾವೇ ನಿಂತಿದ್ದೀವಿ. ಇದು ತಪ್ಪು ಅಂತ ನಾನು ಹೇಳ್ತಿಲ್ಲ. ಆದರೆ ಫೋನಿನ ಫೋಟೋ ಹೇಳೋದು "ನಾನು ಇಲ್ಲಿದ್ದೆ" ಅಂತ. ಪೋಸ್ಟ್‌ಕಾರ್ಡ್ ಹೇಳೋದು "ಈ ಊರು ಇಲ್ಲಿದೆ" ಅಂತ. ಇನ್ನೊಂದು, 600ರಲ್ಲಿ ಒಂದನ್ನು ಆರಿಸೋ ಕೆಲಸವನ್ನು ಫೋನ್ ನಿಮ್ಮಿಂದ ಮಾಡಿಸೋದಿಲ್ಲ. ಅಚ್ಚಿಗೆ ದುಡ್ಡು ಕೊಡಬೇಕಾದಾಗ ಮಾತ್ರ ಮನುಷ್ಯ ಕೂತು ಯೋಚನೆ ಮಾಡ್ತಾನೆ: ಈ ಊರಿನ ಮುಖ ಯಾವುದು? ಬಾಗಿಲಾ, ನದಿನಾ, ಬಸದಿನಾ? ಮಳಖೇಡದ ಬಗ್ಗೆ ಈ ಜಗಳ ಇನ್ನೂ ಯಾರೂ ಆಡಿಲ್ಲ. ನಾವು ಆಡಬೇಕು.

ಕಾಗದಕ್ಕೆ ಇನ್ನೊಂದು ಗುಣ ಇದೆ. ಅದು ಉಳಿಯುತ್ತೆ. ಪೋಸ್ಟ್‌ಕಾರ್ಡ್ ಮೊದಲು ಬಂದದ್ದು 1869ರಲ್ಲಿ, ಆಸ್ಟ್ರಿಯಾ-ಹಂಗೇರಿಯಲ್ಲಿ. ಬ್ರಿಟಿಷ್ ಇಂಡಿಯಾದಲ್ಲಿ 1879ರ ಜುಲೈನಲ್ಲಿ, ಕಾಲಾಣೆ ಬೆಲೆಗೆ. 20ನೇ ಶತಮಾನದ ಮೊದಲ ವರ್ಷಗಳಲ್ಲಿ ಚಿತ್ರದ ಕಾರ್ಡುಗಳ ಹುಚ್ಚು ಲೋಕಕ್ಕೆಲ್ಲ ಹಬ್ಬಿತು. ಬೆಂಗಳೂರಿನ ಬೀದಿಗಳ ಕಾರ್ಡುಗಳನ್ನು ಹಿಗ್ಗಿನ್‌ಬಾಥಮ್ಸ್‌ನಂಥ ಅಂಗಡಿಗಳು ಮಾರಿದವು. ಆಗ ಅದು ಬರೀ ಟೈಮ್‌ಪಾಸ್. 2018ರಲ್ಲಿ ಲಂಡನ್ನಿನ ಸೋಆಸ್ ವಿಶ್ವವಿದ್ಯಾಲಯದಲ್ಲಿ ಅದೇ ಮದ್ರಾಸು, ಬೆಂಗಳೂರಿನ ಹಳೇ ಕಾರ್ಡುಗಳನ್ನಿಟ್ಟು ಒಂದು ಪ್ರದರ್ಶನ ಮಾಡಿದರು. ನೂರು ವರ್ಷ ಹಿಂದೆ ಬೀದಿ ಹೇಗಿತ್ತು, ಯಾರು ಏನು ಉಡ್ತಿದ್ದರು, ಯಾರನ್ನು ಚಿತ್ರದಲ್ಲಿ ಆಳಾಗಿ ತೋರಿಸ್ತಿದ್ದರು ಅನ್ನೋದಕ್ಕೆ ಇವತ್ತು ಆ ಟೈಮ್‌ಪಾಸ್ ಕಾರ್ಡುಗಳೇ ಸಾಕ್ಷಿ. ನಮ್ಮ ಫೋನ್ ಮೂರು ವರ್ಷಕ್ಕೆ ಬದಲಾಗುತ್ತೆ, ಕ್ಲೌಡಿನ ಜಾಗ ತುಂಬಿದ ದಿನ ಮೊದಲು ಡಿಲೀಟ್ ಆಗೋದು ಇಂಥ ಟ್ರಿಪ್ಪಿನ ಫೋಟೋಗಳೇ.

ಎರಡನೇ ಆಕ್ಷೇಪ: ಮಳಖೇಡದಲ್ಲಿ ನೋಡೋಕೆ ಏನಿದೆ, ಬಿದ್ದ ಕಲ್ಲು ತಾನೇ?

ಇದನ್ನು ಹೇಳೋರಲ್ಲಿ ಹೆಚ್ಚಿನವರು ಅಲ್ಲಿಗೆ ಹೋಗಿಲ್ಲ. ನಾನು ಆರು ಕಾರ್ಡಿನ ಒಂದು ಸೆಟ್ ಹೇಳ್ತೀನಿ, ನೀವೇ ನೋಡಿ. ಒಂದು, ಕಾಗಿಣಾ ನದಿ ಕಡೆಯಿಂದ ಕಾಣುವ ಕೋಟೆ. ಎರಡು, ನೇಮಿನಾಥ ಬಸದಿಯಲ್ಲಿರುವ ಲೋಹದ ಕಿರುಗುಡಿ. ಅದರಲ್ಲಿ 96 ಸಣ್ಣ ಬಿಂಬಗಳಿವೆ, ಅಂಗೈಯಷ್ಟು ಜಾಗದಲ್ಲಿ ಇಡೀ ಸಭೆ ಕೂತ ಹಾಗೆ. ಬಸದಿಯವರ ಒಪ್ಪಿಗೆ ಪಡೆದೇ ತೆಗೀಬೇಕು. ಮೂರು, ನದಿ ದಂಡೆಯ ಜಯತೀರ್ಥರ ವೃಂದಾವನ. ನಾಲ್ಕು, ಸೇಡಮ್ಮಿನ ಪಂಚಲಿಂಗೇಶ್ವರ ಗುಡಿ. ಶಾಸನಗಳಲ್ಲಿ ಸೇಡಿಂಬ ಅಂತ ಕರೆಸಿಕೊಂಡ ಊರು ಇದು, ನಮಗೆ ಮಾತ್ರ ಎಕ್ಸ್‌ಪ್ರೆಸ್ ರೈಲು ಎರಡು ನಿಮಿಷ ನಿಲ್ಲೋ ಸ್ಟೇಷನ್. ಐದು, ಮಳಖೇಡ ರೋಡ್ ಸ್ಟೇಷನ್ನಿನ ಬೋರ್ಡು. ವಾಡಿಯಿಂದ ಸಿಕಂದರಾಬಾದಿಗೆ ಹೋಗುವ ಈ ಹಳಿ ನಿಜಾಮರ ಕಾಲದಲ್ಲಿ, 1874ರಲ್ಲಿ ಶುರುವಾದದ್ದು. ಆರು, ತೊಗರಿ ಹೊಲ, ಅದರ ಹಿಂದೆ ಸಿಮೆಂಟ್ ಕಾರ್ಖಾನೆಯ ಚಿಮಣಿ.

ಆರನೇ ಕಾರ್ಡಿನ ಬಗ್ಗೆ ನಮ್ಮ ನಾಲ್ವರಲ್ಲೇ ಜಗಳ ಆಯಿತು. ಒಬ್ಬ, "ಚಿಮಣಿ ಯಾಕೆ, ಕ್ರಾಪ್ ಮಾಡು" ಅಂದ. ನಾನು ಇದಕ್ಕೆ ಒಪ್ಪೋದಿಲ್ಲ. ಈ ನೆಲದಡಿ ಇರೋದು ಸುಣ್ಣದಕಲ್ಲು. ಅದೇ ಕಲ್ಲು ಹಾಸುಗಲ್ಲಾಗಿ ಹೋದರೆ ಶಹಾಬಾದ್ ಕಲ್ಲು. ಅರೆದು ಸುಟ್ಟರೆ ಸಿಮೆಂಟು. ಕರ್ನಾಟಕದಲ್ಲಿ ಎಷ್ಟೋ ಶಾಲೆ, ಆಸ್ಪತ್ರೆ, ಹಾಸ್ಟೆಲ್ಲುಗಳ ನೆಲ ಶಹಾಬಾದ್ ಕಲ್ಲಿನದು. ಅಂದರೆ ನಮ್ಮ ಭಾಗವನ್ನು ನೋಡದವರೂ ದಿನಾ ಅದರ ಮೇಲೆ ನಡೀತಿದ್ದಾರೆ. ಇಲ್ಲಿನ ಎಷ್ಟೋ ಮನೆಗಳ ಅನ್ನ ಅದೇ ಕಾರ್ಖಾನೆಯಿಂದ, ಎಷ್ಟೋ ಮನೆಗಳ ಅಂಗಳದ ಧೂಳೂ ಅಲ್ಲಿಂದಲೇ. ಚಿಮಣಿ ಇಲ್ಲದ ಸೇಡಮ್ಮಿನ ಚಿತ್ರ ಮದುವೆ ಆಲ್ಬಮ್ಮಿನ ಮುಖದ ಹಾಗೆ, ಪೌಡರ್ ಜಾಸ್ತಿ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ ಬಂದಿದೆ, ಅದೂ ಅದೇ ಚಿತ್ರದಲ್ಲಿ ಇರಲಿ. ನೂರು ವರ್ಷ ಆದಮೇಲೆ ಯಾರಾದರೂ ನಮ್ಮ ಕಾರ್ಡನ್ನು ಸಾಕ್ಷಿಯಾಗಿ ನೋಡಿದರೆ, ಸುಳ್ಳು ಸಾಕ್ಷಿ ಆಗಬಾರದು.

ಇಲ್ಲೇ ಮೂರನೇ ಪ್ರಶ್ನೆ ಬರುತ್ತೆ, ನನಗೆ ನಿಜವಾಗಿ ಕಷ್ಟ ಅನ್ನಿಸಿದ ಪ್ರಶ್ನೆ. ಕೋಟೆ ಒಳಗೆ ಒಂದು ಕಡೆ ಕಟ್ಟೆ ಮೇಲೆ ಕೂತ ಅಜ್ಜ ನಮ್ಮ ಕ್ಯಾಮೆರಾ ನೋಡಿ ಕೇಳಿದರು: "ಏನು ತೆಗಿಲಿಕತ್ತೀರಿ? ಚಂದ ಇದ್ದದ್ದು ಎಲ್ಲಾರೂ ತೆಗೀತಾರ. ಬಿದ್ದ ಗ್ವಾಡಿ ತೆಗೀರಿ, ಬೆಂಗಳೂರಿಗೆ ಕಳಸ್ರಿ." ಅವರ ಮಾತಿಗೆ ನಮ್ಮ ಹತ್ತಿರ ತಕ್ಷಣ ಉತ್ತರ ಇರಲಿಲ್ಲ. ಗೋಡೆ ಬೀಳ್ತಿರುವಾಗ ಅದರ ಚಂದದ ಚಿತ್ರ ಮಾರೋದು ಸರೀನಾ?

ಯೋಚನೆ ಮಾಡಿ ನನಗೆ ಅನ್ನಿಸಿದ್ದು ಇದು. ಪೋಸ್ಟ್‌ಕಾರ್ಡ್ ಗೋಡೆಯನ್ನು ಹಿಡಿದು ನಿಲ್ಲಿಸೋದಿಲ್ಲ. ಅದಕ್ಕೆ ಎಂಜಿನಿಯರು ಬೇಕು, ಇಲಾಖೆ ಬೇಕು, ಬಜೆಟ್ ಬೇಕು. ಕಾರ್ಡು ಮಾಡಿ ನಾವು ಸಮಾಧಾನ ಪಟ್ಟುಕೊಂಡರೆ ಅದು ವಾಟ್ಸಾಪ್ ಸ್ಟೇಟಸ್ ಹಾಕಿದಷ್ಟೇ. ಆದರೆ ಬಿದ್ದ ಗೋಡೆಯ ಚಿತ್ರ ಬೆಂಗಳೂರಿಗೆ ಹೋದರೆ ಅಲ್ಲಿನವರು ಯಾಕೆ ಬೇಜಾರು ಮಾಡಿಕೊಳ್ಳಬೇಕು? ನಿಂತ ಗೋಡೆ ಹೇಗಿದೆ ಅಂತಲೇ ಅವರಿಗೆ ಗೊತ್ತಿಲ್ಲವಲ್ಲ. ಹಂಪಿಯ ಒಂದು ಕಂಬಕ್ಕೆ ಯಾರೋ ಧಕ್ಕೆ ಮಾಡಿದರೆ ರಾಜ್ಯವೆಲ್ಲ ಕೂಗುತ್ತೆ, ಯಾಕಂದ್ರೆ ಆ ಕಂಬ ಎಲ್ಲರ ಕಣ್ಣಲ್ಲಿದೆ. ಹಾಗಾಗಿ ಎರಡೂ ಕಾರ್ಡು ಬೇಕು. ಸೆಟ್ಟಿಗೆ ಏಳನೆಯದಾಗಿ ಅಜ್ಜ ತೋರಿಸಿದ ಗೋಡೆ ಸೇರಲಿ. ಅದನ್ನು ಮಾರೋದು ಬೇಡ. ಹಿಂದೆ ನಾಲ್ಕು ಸಾಲು ಬರೆದು, ಪುರಾತತ್ವ ಇಲಾಖೆಗೆ, ಜಿಲ್ಲಾಡಳಿತಕ್ಕೆ, ನಮ್ಮ ಶಾಸಕರಿಗೆ ಪೋಸ್ಟ್ ಮಾಡೋಣ. ಮೇಲ್ ಆದರೆ ಇನ್‌ಬಾಕ್ಸಿನಲ್ಲಿ ಮುಳುಗುತ್ತೆ. 200 ಕಾರ್ಡು ಒಂದೇ ವಾರ ಒಂದು ಟೇಬಲ್ಲಿಗೆ ಬಂದರೆ ಯಾರೋ ಒಬ್ಬರು ಎತ್ತಿ ಪಕ್ಕಕ್ಕಾದರೂ ಇಡಬೇಕಾಗುತ್ತೆ.

ಅಲ್ಲಿ ಜನ ವಾಸ ಇದ್ದಾರೆ ಅನ್ನೋದನ್ನೂ ಮರೀಬಾರದು. ಕೋಟೆ ಪ್ರಸಿದ್ಧ ಆದರೆ ಮೊದಲು ಅವರನ್ನೇ ಎಬ್ಬಿಸ್ತಾರೇನೋ ಅನ್ನೋ ಹೆದರಿಕೆ ಅವರಿಗೆ ಇರಬಹುದು. ಅದಕ್ಕೇ ಕಾರ್ಡುಗಳಲ್ಲಿ ಮನೆಗಳನ್ನೂ ಜನರನ್ನೂ ಅಳಿಸಿ "ಪಾಳುಬಿದ್ದ ರಾಜಧಾನಿ" ಅಂತ ಬರೆಯೋದು ಬೇಡ. ಅದು ಪಾಳು ಬಿದ್ದಿಲ್ಲ, ಅಲ್ಲಿ ಅಡುಗೆ ಆಗ್ತಿದೆ. ಯಾರ ಮುಖ ಬಂದರೂ ಅವರನ್ನು ಕೇಳಿ ಹಾಕೋಣ, ಅವರಿಗೊಂದು ಪ್ರತಿ ಕೊಡೋಣ. ಮಾರಾಟ ಕಾಲೇಜಿನ ಫೆಸ್ಟ್ ಸ್ಟಾಲಿನಲ್ಲಿ ಮಾತ್ರ ಅಲ್ಲ, ಮಳಖೇಡದ ಕಿರಾಣಿ ಅಂಗಡಿಯಲ್ಲೂ ಆಗಲಿ. ಲಾಭದಲ್ಲಿ ಅಂಗಡಿಯವರ ಪಾಲು ಅವರಿಗೇ.

"ನಮ್ಮ ಭಾಗ ಹಿಂದುಳಿದಿದೆ" ಅನ್ನೋದನ್ನು ನಾವು ಅಡ್ಮಿಷನ್ ಸಮಯದಲ್ಲಿ ಚೆನ್ನಾಗಿ ನೆನಪಿಟ್ಟುಕೊಳ್ತೀವಿ. 371ಜೆ ಸರ್ಟಿಫಿಕೇಟಿಗೆ ತಹಶೀಲ್ ಆಫೀಸಿನ ಮುಂದೆ ಕ್ಯೂ ನಿಲ್ತೀವಿ. ಅದು ನಮ್ಮ ಹಕ್ಕು, ಅದರಲ್ಲಿ ನಾಚಿಕೆ ಏನಿಲ್ಲ. ಆದರೆ ಆ ಸರ್ಟಿಫಿಕೇಟ್ ಒಂದೇ ನಮ್ಮ ಊರಿನ ಗುರುತಾಗಿ ಉಳಿದರೆ ಕಷ್ಟ. ಬೆಂಗಳೂರಿನ ಇಂಟರ್ನ್‌ಶಿಪ್ಪಿನಲ್ಲಿ ಪಕ್ಕದ ಸೀಟಿನವರು "ಸೇಡಂ ಎಲ್ಲಿ ಬರುತ್ತೆ?" ಅಂತ ಕೇಳಿದಾಗ ನಾವು "ಕಲಬುರಗಿ ಹತ್ತಿರ, ತುಂಬಾ ಬಿಸಿಲು" ಅಂತ ಹೇಳಿ ಮುಗಿಸ್ತೀವಿ. ಬ್ಯಾಗಿನಿಂದ ಒಂದು ಕಾರ್ಡ್ ತೆಗೆದು ಕೊಟ್ಟರೆ ಮಾತು ಬೇರೆ ಕಡೆ ಹೋಗಬಹುದು.

ಕೆಲಸ ಕಷ್ಟದ್ದೇನಲ್ಲ. ಎ6 ಅಳತೆ, ಅಂದರೆ 148 x 105 ಮಿಲಿಮೀಟರ್. 300 ಜಿಎಸ್‌ಎಂ ಕಾಗದ. ಯಾವುದೇ ಡಿಜಿಟಲ್ ಪ್ರಿಂಟಿಂಗ್ ಅಂಗಡಿಯಲ್ಲಿ ಆಗುತ್ತೆ. ಹಿಂದುಗಡೆ ಕನ್ನಡದಲ್ಲಿ ಎರಡು ಸಾಲು ವಿವರಣೆ, ಹೆಸರು ಮಾನ್ಯಖೇಟ ಅಂತಲೂ ಮಳಖೇಡ ಅಂತಲೂ ಎರಡೂ ಇರಲಿ, ಪಾಠಪುಸ್ತಕ ಮತ್ತು ಬಸ್ ಬೋರ್ಡು ಅಲ್ಲಾದರೂ ಒಂದಾಗಲಿ. ಚಿತ್ರ ಅಚ್ಚಾದ ಕಾರ್ಡಿಗೆ ಸ್ಟಾಂಪಿನ ದರ ಹಳದಿ ಕಾರ್ಡಿನಷ್ಟು ಕಡಿಮೆ ಇರೋದಿಲ್ಲ, ಅದನ್ನು ಅಂಚೆ ಕಚೇರಿಯಲ್ಲಿ ಕೇಳಿಕೊಂಡೇ ಬೆಲೆ ಇಡಬೇಕು. ಕೆಲವು ಪ್ರವಾಸಿ ಸ್ಥಳಗಳ ಅಂಚೆ ಕಚೇರಿಗಳಲ್ಲಿ ಆ ಜಾಗದ ಚಿತ್ರ ಇರುವ ವಿಶೇಷ ಮುದ್ರೆಯನ್ನು ಅಂಚೆ ಇಲಾಖೆ ಇಟ್ಟಿದೆ. ಮಳಖೇಡಕ್ಕೂ ಅಂಥದ್ದೊಂದು ಕೊಡಿ ಅಂತ ಸಂಘದ ಲೆಟರ್‌ಹೆಡ್ಡಿನಲ್ಲಿ ಅರ್ಜಿ ಹಾಕೋಣ. ಈ ಸೆಟ್ ಮುಗಿದ ಮೇಲೆ ಚಿತ್ತಾಪುರ ತಾಲ್ಲೂಕು ಇದೆ: ಅಶೋಕನ ಶಿಲ್ಪ ಸಿಕ್ಕಿದ ಸನ್ನತಿ-ಕನಗನಹಳ್ಳಿ, ಹಳೇ ಘಟಿಕಾಸ್ಥಾನದ ನಾಗಾವಿ. ಸಾವಿರ ವರ್ಷದ ಹಿಂದೆ ನಾಗಾವಿಯ ವಿದ್ಯಾಸಂಸ್ಥೆಯಲ್ಲಿ ಪುಸ್ತಕ ಕಾಯೋರಿಗೆ ಸರಸ್ವತೀ ಭಂಡಾರಿಗರು ಅಂತ ಹುದ್ದೆಯೇ ಇತ್ತು. ನಮ್ಮ ಲೈಬ್ರರಿ ಕೌಂಟರಿನಲ್ಲಿ ಆ ಕಾರ್ಡನ್ನು ಅಂಟಿಸಬಹುದು.

ಜರ್ಮನಿಗೆ ಏನು ಕಳಿಸಿದ್ರಿ ಅಂತ ಕೇಳಬಹುದು. ಸೇಡಮ್ಮಿನ ಅಂಚೆ ಕಚೇರಿ ಭಾನುವಾರ ಮುಚ್ಚಿರುತ್ತೆ, ಹಾಗಾಗಿ ಸೋಮವಾರ ಕಾಲೇಜಿನ ಹತ್ತಿರವೇ 50 ಪೈಸೆಯ ಎಂಟು ಕಾರ್ಡು ಕೊಂಡೆವು, ಒಟ್ಟು ನಾಲ್ಕು ರೂಪಾಯಿ. ಮೆಕ್ಯಾನಿಕಲ್‌ನ ಒಬ್ಬ ಡ್ರಾಯಿಂಗ್ ಪೆನ್ನು ಹಿಡಿದು ಕೋಟೆ ಬಾಗಿಲನ್ನು ಬಿಡಿಸಿದ, ಪಕ್ಕದಲ್ಲಿ ಒಂದು ಆಡನ್ನೂ ಬಿಡಿಸಿದ. ಕೆಳಗೆ ಕನ್ನಡದಲ್ಲಿ ಊರ ಹೆಸರು ಬರೆದು, ಲಕೋಟೆಯಲ್ಲಿಟ್ಟು ಸ್ಟಾಂಪು ಹಚ್ಚಿ ಕಳಿಸಿದ್ವಿ. ಉಳಿದ ಏಳು ಕಾರ್ಡು ಸಂಘದ ಕೋಣೆಯಲ್ಲಿ ಖಾಲಿ ಇವೆ. ಬಿಡಿಸೋಕೆ ಬರೋರು, ಫೋಟೋ ತೆಗೆಯೋರು, ಸೇಡಂ ಕಡೆಯಿಂದ ದಿನಾ ಓಡಾಡೋರು ಬನ್ನಿ. ಮೊದಲು ಆ ಜಗಳ ಆಡೋಣ: ಮಳಖೇಡದ ಮುಖ ಯಾವುದು?